ಮುಂದಿನ ಹಲ್ಲಿಗೊಂದು ಡಿಸ್ಕ್, ದವಡೆ ಹಲ್ಲಿಗೊಂದು ಡಿಸ್ಕ್

ಪ್ರಿಯ ಡಾಕ್ಟರ್‌ಗಳೇ,

ನಮಸ್ಕಾರ. ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಲ್ಯಾಬಿನಲ್ಲಿ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್ ಎಂಬ ಸೆರಾಮಿಕ್) ಕ್ಯಾಪ್‌ಗಳಿಗೆ ಎರಡು ಬಗೆಯ ಡಿಸ್ಕ್, ಅಂದರೆ ಕ್ಯಾಪ್ ಕೊರೆದು ತೆಗೆಯುವ ಬಿಲ್ಲೆ, ಬಳಸುತ್ತೇವೆ. ಮುಂದಿನ ಹಲ್ಲಿನ ಒಂಟಿ ಕ್ಯಾಪ್‌ಗೆ 5 ಮೋಲ್ ಶೇಕಡಾ (ತೂಕದ ಲೆಕ್ಕವಲ್ಲ, ಅಣುಗಳ ಲೆಕ್ಕ) ಇಟ್ರಿಯಾ, ಅಂದರೆ ಇಟ್ರಿಯಂ ಆಕ್ಸೈಡ್, ಇರುವ ಡಿಸ್ಕ್. ದವಡೆ ಹಲ್ಲಿಗೆ ಮತ್ತು ಎಲ್ಲ ಬ್ರಿಡ್ಜ್‌ಗಳಿಗೆ (ಹಲ್ಲಿಲ್ಲದ ಜಾಗ ತುಂಬುವ ಕೂಡು ಕ್ಯಾಪ್‌ಗಳಿಗೆ) ಈಗಿರುವ 3 ಶೇಕಡಾ ಡಿಸ್ಕೇ ಮುಂದುವರಿಯುತ್ತದೆ. ದರ ಬದಲಾಗಿಲ್ಲ. ಆದರೆ 5ರ ಡಿಸ್ಕನ್ನು ನಿಧಾನದ ಸೈಕಲ್‌ನಲ್ಲೇ ಸಿಂಟರ್ ಮಾಡುವುದರಿಂದ (ಫರ್ನೇಸಿನಲ್ಲಿ ಸುಟ್ಟು ಗಟ್ಟಿ ಮಾಡುವುದರಿಂದ) ಒಂದು ದಿನ ಜಾಸ್ತಿ ಬೇಕು.

ಮುಂದಿನ ಹಲ್ಲಿನ ಕ್ಯಾಪ್ ಸೀಮೆಸುಣ್ಣದ ಹಾಗೆ ಕಾಣುತ್ತದೆ ಎಂದು ನಿಮ್ಮಲ್ಲಿ ಹಲವರು ಹೇಳಿದ್ದೀರಿ. ಶೇಡ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಕಾರಣ ಬಣ್ಣದಲ್ಲಿಲ್ಲ, ಹರಳಿನಲ್ಲಿದೆ.

ಜಿರ್ಕೋನಿಯಂ ಆಕ್ಸೈಡ್ ವಸ್ತು ಒಂದೇ, ಆದರೆ ಅದರ ಪರಮಾಣುಗಳು ಮೂರು ಬಗೆಯಲ್ಲಿ ಜೋಡಣೆಯಾಗುತ್ತವೆ. ಶುದ್ಧವಾಗಿದ್ದರೆ ಸಾಮಾನ್ಯ ಉಷ್ಣತೆಯಲ್ಲಿ ಮೊನೊಕ್ಲಿನಿಕ್. ಸುಮಾರು 1170 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟೆಟ್ರಾಗೊನಲ್. 2370ರ ಆಚೆ ಕ್ಯೂಬಿಕ್. 2700ರ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ. ನಮ್ಮ ಫರ್ನೇಸ್ ಹೋಗುವುದು 1500ರ ತನಕ. ತೊಂದರೆ ಇರುವುದು ಬಿಸಿ ಮಾಡುವಾಗ ಅಲ್ಲ, ತಣಿಯುವಾಗ. ಟೆಟ್ರಾಗೊನಲ್ ಹರಳು ಮತ್ತೆ ಮೊನೊಕ್ಲಿನಿಕ್ ಆಗುವಾಗ ಗಾತ್ರದಲ್ಲಿ 4ರಿಂದ 5 ಶೇಕಡಾ ಉಬ್ಬುತ್ತದೆ. ಶುದ್ಧ ಜಿರ್ಕೋನಿಯಾದಲ್ಲಿ ಕ್ಯಾಪ್ ಮಾಡಲು ಹೋದರೆ ಫರ್ನೇಸಿನೊಳಗೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದಕ್ಕೇ ಇಟ್ರಿಯಾ ಬೆರೆಸುವುದು.

3 ಶೇಕಡಾ ಇಟ್ರಿಯಾ ಇದ್ದರೆ ತಣಿದ ಮೇಲೂ ಹರಳು ಟೆಟ್ರಾಗೊನಲ್ ಆಗಿಯೇ ಉಳಿಯುತ್ತದೆ, ಆದರೆ ಪೂರ್ತಿ ನೆಮ್ಮದಿಯಿಂದಲ್ಲ. ಎಲ್ಲೋ ಒಂದು ಬಿರುಕು ಶುರುವಾಯಿತು ಅನ್ನಿ. ಅದರ ತುದಿಯಲ್ಲಿರುವ ಹರಳುಗಳು ಒತ್ತಡಕ್ಕೆ ಮೊನೊಕ್ಲಿನಿಕ್ ಆಗಿ ಉಬ್ಬಿ ಬಿರುಕನ್ನೇ ಅಮುಕಿಬಿಡುತ್ತವೆ. ಫರ್ನೇಸಿನಲ್ಲಿ ಹಾಳು ಮಾಡುವ ಗುಣವೇ ಬಾಯಲ್ಲಿ ಕಾಯುತ್ತದೆ! 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್ ಮತ್ತು ಪ್ಯಾಸ್ಕೋ ಇದರ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಾಗ ‘ಸೆರಾಮಿಕ್ ಉಕ್ಕು?’ ಎಂದೇ ಶೀರ್ಷಿಕೆ ಕೊಟ್ಟಿದ್ದರು.

ಇಷ್ಟು ಗಟ್ಟಿ ಇದ್ದರೂ ಚೆಂದದ ವಿಷಯದಲ್ಲಿ ಇದು ಹಿಂದೆ. ಟೆಟ್ರಾಗೊನಲ್ ಹರಳಿನಲ್ಲಿ ಬೆಳಕು ಬಾಗುವ ಪ್ರಮಾಣ ದಿಕ್ಕಿನಿಂದ ದಿಕ್ಕಿಗೆ ಬೇರೆ. ಹರಳಿನಿಂದ ಹರಳಿಗೆ ದಾಟುವಾಗೆಲ್ಲ ಬೆಳಕು ಚದುರುತ್ತದೆ, ಕ್ಯಾಪ್ ಮಂಕಾಗಿ ಕಾಣುತ್ತದೆ. ಕ್ಯೂಬಿಕ್ ಹರಳಿನಲ್ಲಿ ಎಲ್ಲ ದಿಕ್ಕೂ ಒಂದೇ. 5 ಶೇಕಡಾ ಡಿಸ್ಕ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಯೂಬಿಕ್ ಇರುವುದರಿಂದ ಬೆಳಕು ಒಳಗೆ ಹೋಗುತ್ತದೆ, ನಿಜವಾದ ಹಲ್ಲಿನ ಪಕ್ಕ ಹೊಂದುತ್ತದೆ. (ಅಂಗಡಿಯಲ್ಲಿ ಸಿಗುವ ಅಮೆರಿಕನ್ ಡೈಮಂಡ್ ಕೂಡ ಕ್ಯೂಬಿಕ್ ಜಿರ್ಕೋನಿಯಾವೇ. ಪೇಷಂಟ್ ಕೇಳಿದರೆ ಧೈರ್ಯವಾಗಿ ಹೇಳಿ.)

ಆದರೆ ಕ್ಯೂಬಿಕ್ ಹರಳಿಗೆ ಉಬ್ಬಿ ಬಿರುಕು ತಡೆಯಲು ಬರುವುದಿಲ್ಲ. 3ರ ಡಿಸ್ಕ್‌ನ ಬಲ, ಅಂದರೆ ಮುರಿಯದೆ ತಾಳುವ ಒತ್ತಡ, 1000 ಮೆಗಾಪಾಸ್ಕಲ್‌ಗಿಂತ ಮೇಲಿದ್ದರೆ 5ರದ್ದು ಸುಮಾರು 500ರಿಂದ 700. ‘ಚೆನ್ನಾಗಿ ಕಾಣುತ್ತೆ ಅಲ್ವಾ, ದವಡೆಗೂ ಅದನ್ನೇ ಹಾಕಿ’ ಎಂದರೆ ನಾವು ಒಪ್ಪುವುದಿಲ್ಲ. ರಾತ್ರಿ ಹಲ್ಲು ಕಡಿಯುವ ಪೇಷಂಟ್ ಆದರೆ ಮುಂದಿನ ಹಲ್ಲಿಗೂ 3ನ್ನೇ ಸೂಚಿಸುತ್ತೇವೆ. ಪ್ರೀಮೋಲಾರ್‌ಗೆ (ಕೋರೆ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಹಲ್ಲಿಗೆ) ಯಾವುದು ಎಂಬುದನ್ನು ಕೇಸ್ ನೋಡಿ ಫೋನಿನಲ್ಲಿ ಮಾತಾಡೋಣ.

ನಿಮ್ಮಿಂದ ಬೇಕಾದ್ದು ಇಷ್ಟು. 5ರ ಕ್ಯಾಪ್‌ಗೆ ಕಡಿಮೆಯೆಂದರೂ 1 ಮಿಲಿಮೀಟರ್ ಜಾಗ ಬಿಟ್ಟು ಪ್ರಿಪರೇಷನ್ ಮಾಡಿ (ಹಲ್ಲನ್ನು ಉಜ್ಜಿ ಸಿದ್ಧಮಾಡಿ). ಬೈಟ್ (ಮೇಲಿನ ಕೆಳಗಿನ ಹಲ್ಲು ಕಚ್ಚುವ ರೀತಿ) ಸರಿಮಾಡುವಾಗ, ಯಾವ ಡಿಸ್ಕ್ ಆದರೂ, ಸಣ್ಣ ಕಣದ ಡೈಮಂಡ್ ಬರ್ (ಉಜ್ಜುವ ಮೊನೆ) ಬಳಸಿ, ನೀರು ಬಿಟ್ಟುಕೊಂಡು ಹಗುರವಾಗಿ ಉಜ್ಜಿ, ಆಮೇಲೆ ತಪ್ಪದೆ ಪಾಲಿಶ್ ಮಾಡಿ. ಒರಟು ಬರ್‌ನಿಂದ ಒಣದಾಗಿ ಉಜ್ಜಿದರೆ ಸಣ್ಣ ಬಿರುಕುಗಳು ಏಳುತ್ತವೆ, ಎದುರಿನ ಹಲ್ಲೂ ಸವೆಯುತ್ತದೆ. ಬಾಯಲ್ಲಿ ಟ್ರಯಲ್ ಆದ ಮೇಲೆ ಕ್ಯಾಪ್‌ನ ಒಳಭಾಗವನ್ನು ಫಾಸ್ಫಾರಿಕ್ ಆಸಿಡ್‌ನಿಂದ ತೊಳೆಯಬೇಡಿ. ಫಾಸ್ಫೇಟ್ ಜಿರ್ಕೋನಿಯಾಕ್ಕೆ ಅಂಟಿಕೊಂಡು ಸಿಮೆಂಟಿನ ಹಿಡಿತ ಕಡಿಮೆಯಾಗುತ್ತದೆ. ಇದಕ್ಕೆಂದೇ ಬರುವ ಕ್ಲೀನಿಂಗ್ ಪೇಸ್ಟ್ ಸಾಕು.

ಹೊಸ ಆರ್ಡರ್ ಫಾರಂ ಈ ಪತ್ರದ ಜೊತೆ ಇದೆ. ಹಲ್ಲಿನ ನಂಬರ್ ಪಕ್ಕದಲ್ಲಿ 3 ಅಥವಾ 5ಕ್ಕೆ ಟಿಕ್ ಹಾಕಿ. ಟಿಕ್ ಇಲ್ಲದಿದ್ದರೆ ಮಿಲ್ಲಿಂಗ್ (ಡಿಸ್ಕ್ ಕೊರೆಯುವುದು) ಶುರು ಮಾಡುವ ಮುಂಚೆ ನಾವೇ ಕ್ಲಿನಿಕ್‌ಗೆ ಫೋನ್ ಮಾಡುತ್ತೇವೆ.

ಇಂತಿ,
ನಿಮ್ಮ ಡೆಂಟಲ್ ಲ್ಯಾಬ್ ಬಳಗ