ಗೆಳೆಯನಿಗೊಂದು ಪತ್ರ: ಪುಟ್ಟಿಯ ಡೇ ಕೇರ್ ಬಗ್ಗೆ

ಪ್ರೀತಿಯ ಗೆಳೆಯಾ,

ನಿನಗೆ ಮಣಿಪಾಲದಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿ ತುಂಬಾ ಖುಷಿಯಾಯಿತು. ನಿನ್ನ ಮಗಳು ಪುಟ್ಟಿಗೆ ಉಡುಪಿಯಲ್ಲಿ ಒಳ್ಳೆಯ ಡೇ ಕೇರ್ ಯಾವುದು ಎಂದು ಕೇಳಿದ್ದೀಯಲ್ಲ, ಹೆಸರುಗಳನ್ನು ಫೋನಿನಲ್ಲಿ ಹೇಳುತ್ತೇನೆ. ಹೋದಾಗ ಏನು ನೋಡಬೇಕು ಅನ್ನುವುದನ್ನು ಮೊದಲು ಬರೆಯುತ್ತೇನೆ.

ಗೋಡೆಯ ಚಿತ್ರ, ಎಸಿ, ಸಿಸಿ ಕ್ಯಾಮೆರಾ ನೋಡಿ ತೀರ್ಮಾನ ಮಾಡಬೇಡ ಮಾರಾಯ. ದಿನವಿಡೀ ಮಗುವಿನ ಜೊತೆ ಇರುವವರು ಯಾರು, ಅವರು ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳು. ಎರಡೂವರೆ ವರ್ಷದ ಮಗು ಯಾರಾದರೊಬ್ಬರನ್ನು ಹಚ್ಚಿಕೊಂಡ ಮೇಲೆಯೇ ಅಲ್ಲಿ ಸರಿಯಾಗಿ ಉಣ್ಣುತ್ತದೆ, ಮಲಗುತ್ತದೆ, ಕಲಿಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಮುಖ ಬದಲಾದರೆ ಪಾಪ, ಮತ್ತೆ ಮೊದಲಿನಿಂದ ಅಳು. ಸಂಬಳ ಸಾಲದಿದ್ದರೆ ಆಯಾಗಳು ನಿಲ್ಲುವುದಿಲ್ಲ. ನಾವು ಕೊಡುವ ಫೀಸಿನಲ್ಲಿ ಅವರ ಕೈಗೆ ಎಷ್ಟು ಹೋಗುತ್ತದೆ ಎಂದು ಕೇಳಲು ಸಂಕೋಚ ಬೇಡ.

ಮಂಗಳೂರಿನ ಒಂದು ಕಡೆ ಮೂರು ತುಂಬದ ಮಕ್ಕಳನ್ನು ಸಾಲಾಗಿ ಕೂರಿಸಿ ಎಬಿಸಿಡಿ ತಿದ್ದಿಸುತ್ತಿದ್ದರು. ಒಂದು ಮಗುವಿನ ಚಡ್ಡಿ ಒದ್ದೆಯಾಗಿತ್ತು, ಯಾರಿಗೂ ಗೊತ್ತೇ ಆಗಿರಲಿಲ್ಲ. ನನಗೆ ಸಂಕಟವಾಯಿತು. ಆ ಪ್ರಾಯದಲ್ಲಿ ಮಣಿಕಟ್ಟಿನ ಮೂಳೆಗಳೇ ಪೂರ್ತಿ ಬೆಳೆದಿರುವುದಿಲ್ಲ, ಪೆನ್ಸಿಲಿಗೆ ಏನು ಅವಸರ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಚಿಕ್ಕ ಮಕ್ಕಳಿಗೆ ಆಟದ ಮೂಲಕವೇ ಕಲಿಸಿ ಎನ್ನುತ್ತದೆ.

ಉಡುಪಿಯ ಕುಂಜಿಬೆಟ್ಟಿನ ಒಂದು ಚಿಕ್ಕ ಮನೆಯಲ್ಲಿ ನಡೆಯುವ ಡೇ ಕೇರ್‌ಗೆ ಊಟದ ಹೊತ್ತಿಗೆ ಹೋಗಿದ್ದೆ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ. ಒಬ್ಬ ಹುಡುಗ ಬಟ್ಟಲು ಮಗುಚಿ ಹಾಕಿದ. ಅಲ್ಲಿನ ಅಕ್ಕ ಗದರಲಿಲ್ಲ. ಒಂದು ಬಟ್ಟೆ ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, "ಎಲ್ಲೆಲ್ಲಿಗೆ ಹೋಗಿದೆ ನೋಡುವ" ಎಂದು ನೆಲದಲ್ಲಿ ಕೂತೇಬಿಟ್ಟರು. ಇಬ್ಬರೂ ಸೇರಿ ಒರೆಸಿದರು. ಮೇಜಿನ ಕೆಳಗೆ, ಚಾಪೆಯ ಮೇಲೆ, ಗೋಡೆಯ ಬದಿಯಲ್ಲಿ ಎಂದು ಅವನೇ ಹೇಳುತ್ತಾ ಹೋದ. ಆಮೇಲೆ ಹೊಸ ಬಟ್ಟಲು ಬಂತು, ಮತ್ತೆ ತನ್ನ ಕೈಯಿಂದಲೇ ಉಂಡ. ಅದಕ್ಕಿಂತ ಒಳ್ಳೆ ಪಾಠ ಬೇಕಾ? ತುಳು ಬಿಟ್ಟು ಬೇರೆ ಮಾತು ಬಾರದ ಒಂದು ಮಗುವಿಗೆ "ಒಣಸ್ ಆಂಡಾ?" (ಊಟ ಆಯಿತಾ?) ಎಂದೇ ಕೇಳುತ್ತಿದ್ದರು. ಪುಟ್ಟಿಯನ್ನು ಕನ್ನಡದಲ್ಲೇ ಮಾತಾಡಿಸುತ್ತಾರೆ, ಹೆದರಬೇಡ.

ಒಬ್ಬರಿಗೆ ಎಷ್ಟು ಮಕ್ಕಳು ಎಂದೂ ಕೇಳು. ಆಫೀಸುಗಳ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 3 ವರ್ಷದೊಳಗಿನ 10 ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ ಎಂದಿದೆ. ನಿನ್ನ ಹೆಂಡತಿ ಸೇರುವ ಕಂಪನಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಅಲ್ಲೂ ವಿಚಾರಿಸಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ಅಂಥ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಎಂಬ ನಿಯಮ ಬಂತು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ನೀವು ಬರುವುದು ಜೂನ್‌ನಲ್ಲಿ, ಜಡಿಮಳೆ. ಒದ್ದೆ ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಜ್ವರ ಬಂದ ಮಗುವನ್ನು ಏನು ಮಾಡುತ್ತಾರೆ, ಸ್ವಲ್ಪ ನೋಡಿಕೋ. ಮೊದಲ ವಾರ ನಿಮ್ಮಲ್ಲಿ ಒಬ್ಬರು ಪುಟ್ಟಿಯ ಜೊತೆ ಒಳಗೆ ಕೂರಬಹುದಾ ಎಂದು ಕೇಳು. ಆಗದು ಎಂದರೆ ಅಲ್ಲಿಗೆ ಹಣ ಕಟ್ಟಬೇಡ. ಬಂದ ವಾರವೇ ಫೋನ್ ಮಾಡು, ಇಬ್ಬರೂ ಹೋಗಿ ನೋಡೋಣ.

ನಿನ್ನ ಗೆಳೆಯ