ಶ್ರೀಗಂಧಕ್ಕೆ ಆಸರೆ ಗಿಡ ಬೇಕೆಂದು ಹೇಳುವವರು ಯಾರು?

ಮಾನ್ಯ ಸಂಪಾದಕರೇ,

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಸ್ವಂತ ಜಮೀನಿನಲ್ಲಿ ಬೆಳೆದ ಶ್ರೀಗಂಧದ ಮರ ಜಮೀನಿನ ಒಡೆಯನದೇ ಎಂದಾದ ಮೇಲೆ ಬಯಲುಸೀಮೆಯ ಅನೇಕ ರೈತರು ಅದನ್ನು ನೆಟ್ಟಿದ್ದಾರೆ. ಲಾಭದ ಲೆಕ್ಕ, ಕಳ್ಳರ ಕಾಟ, ಕಾವಲಿನ ಖರ್ಚು ಇವೆಲ್ಲ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗುತ್ತವೆ. ಈ ಮರ ಹೊಟ್ಟೆ ಹೊರೆಯುವ ಬಗೆ ಮಾತ್ರ ಚರ್ಚೆಗೆ ಬರುವುದು ಕಡಿಮೆ.

ಆರು ವರ್ಷಗಳ ಹಿಂದೆ ನಾನು ಖಾಸಗಿ ನರ್ಸರಿಯೊಂದರಿಂದ ಐವತ್ತು ಸಸಿಗಳನ್ನು ತಂದೆ. ಪ್ರತಿ ಚೀಲದಲ್ಲೂ ಗಂಧದ ಸಸಿಯ ಬುಡಕ್ಕೆ ಹೊನಗೊನ್ನೆ ಸೊಪ್ಪು ಹಬ್ಬಿತ್ತು. ಕಳೆಯೆಂದು ತಿಳಿದು ಒಂದನ್ನೂ ಬಿಡದೆ ಕಿತ್ತೆ. ಸೊಪ್ಪು ಅಂದಿನ ಸಾರಿಗಾಯಿತು. ವರ್ಷ ತುಂಬುವಷ್ಟರಲ್ಲಿ ಎಲೆಗಳು ಹಳದಿಗೆ ತಿರುಗಿದವು. ಗೊಬ್ಬರವಾಗಲಿ ಹನಿ ನೀರಾವರಿಯಾಗಲಿ ಕೈಹಿಡಿಯಲಿಲ್ಲ. ಉಳಿದದ್ದು ಬದುವಿನ ಹೊಂಗೆಮರದ ಹತ್ತಿರವಿದ್ದ ಏಳೆಂಟು ಗಿಡಗಳು ಮಾತ್ರ.

ಕಾರಣ ತಿಳಿದದ್ದು ಆಮೇಲೆ. ಶ್ರೀಗಂಧದ ಹಸಿರೆಲೆಗಳು ಬೇರೆಲ್ಲ ಗಿಡಗಳ ಎಲೆಗಳಂತೆಯೇ ಬಿಸಿಲು, ನೀರು ಮತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ತಯಾರಿಸುತ್ತವೆ. ಆದರೆ ಅದಕ್ಕೆ ಬೇಕಾದ ನೀರನ್ನೂ ಸಾರಜನಕದಂಥ ಪೋಷಕಾಂಶಗಳನ್ನೂ ಮಣ್ಣಿನಿಂದ ಸಾಕಷ್ಟು ಎಳೆದುಕೊಳ್ಳಲು ಅದರ ಬೇರಿಗೆ ಶಕ್ತಿ ಸಾಲದು. ಆದ್ದರಿಂದ ಅದು ಅಕ್ಕಪಕ್ಕದ ಗಿಡಗಳ ಬೇರುಗಳಿಗೆ ಅಂಗಿಯ ಗುಂಡಿಯಂಥ ಹೀರುಬೇರುಗಳನ್ನು ಅಂಟಿಸಿ, ಒಳಹೊಕ್ಕು, ಅವುಗಳ ರಸವನ್ನು ಹೀರುತ್ತದೆ. ಸಸ್ಯಶಾಸ್ತ್ರದಲ್ಲಿ ಇಂಥದ್ದಕ್ಕೆ ಅರೆಪರಾವಲಂಬಿ ಎನ್ನುತ್ತಾರೆ. ಇದೇನೂ ಹೊಸ ಸಂಶೋಧನೆಯಲ್ಲ, ಜಾನ್ ಸ್ಕಾಟ್ ಎಂಬ ಸಸ್ಯತಜ್ಞರು 1871ರಲ್ಲೇ ಬರೆದಿಟ್ಟ ಸಂಗತಿ.

ಬೀಜದಲ್ಲಿ ಕೂಡಿಟ್ಟ ಬುತ್ತಿ ಇರುವವರೆಗೆ ಸಸಿ ಒಂಟಿಯಾಗಿಯೂ ಚೆನ್ನಾಗಿಯೇ ಕಾಣುವುದರಿಂದ ರೈತ ಮೋಸಹೋಗುತ್ತಾನೆ. ಚೀಲದಲ್ಲಿ ಹೊನಗೊನ್ನೆ, ನೆಟ್ಟ ಮೇಲೆ ಒಂದೆರಡು ವರ್ಷ ತೊಗರಿ, ಅದರ ಜೊತೆಗೇ ಬಹುಕಾಲ ನಿಲ್ಲುವ ಸರ್ವೆ ಅಥವಾ ಹೊಂಗೆ ಹೀಗೆ ಗಂಧದ ಬೇರಿಗೆ ರಸ ಉಣಿಸುವ ಆಸರೆ ಗಿಡಗಳು ಒಂದರ ಹಿಂದೊಂದು ಸಿದ್ಧವಿರಬೇಕು. ತೊಗರಿ, ಹೊಂಗೆ, ಸರ್ವೆಗಳ ಬೇರಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ, ಆ ಗಳಿಕೆಯಲ್ಲಿ ಗಂಧಕ್ಕೂ ಪಾಲು ಸಿಗುತ್ತದೆ. ಆಸರೆಯ ನೆರಳು ಅತಿಯಾದರೆ ಮಾತ್ರ ಸವರಬೇಕು.

ಶಾಲೆಯ ವಿಜ್ಞಾನ ಪಾಠದಲ್ಲಿ ನಮ್ಮ ಮಕ್ಕಳು ಸ್ವಪೋಷಕ, ಪರಪೋಷಕ ಎಂದು ಎರಡು ಪಟ್ಟಿ ಮಾಡಿ, ಪರಾವಲಂಬಿಗೆ ಕಸ್ಕ್ಯೂಟ ಬಳ್ಳಿಯನ್ನೂ ಕೀಟಾಹಾರಿಗೆ ದೂರದ ಮೇಘಾಲಯದ ಹೂಜಿ ಗಿಡವನ್ನೂ ಉದಾಹರಿಸುತ್ತಾರೆ. ಎರಡೂ ಪಟ್ಟಿಗಳಿಗೆ ಸಲ್ಲುವ, ಗಂಧದ ನಾಡೆಂದು ನಾವು ಬೀಗುವ ಮರದ ಮಾತೇ ಅಲ್ಲಿರದಿದ್ದರೆ ಅದು ಸೋಜಿಗವಲ್ಲವೇ? ಶಿಕ್ಷಕರು ಅದನ್ನು ಸೇರಿಸಿಕೊಳ್ಳಲಿ. ಸಸಿ ಮಾರುವವರು, ಅರಣ್ಯ ಇಲಾಖೆಯೂ ಸೇರಿದಂತೆ, ಆಸರೆ ಗಿಡಗಳ ಹೆಸರುಗಳಿರುವ ಕನ್ನಡದ ಚೀಟಿಯೊಂದನ್ನು ಪ್ರತಿ ಕಟ್ಟಿನ ಜೊತೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಹೊನಗೊನ್ನೆಯನ್ನು ಕೀಳಬೇಡಿ ಎಂಬ ಮಾತು ಆ ಚೀಟಿಯ ಮೊದಲ ಸಾಲಿನಲ್ಲೇ ಇರಲಿ.

ಇಂತಿ,
ತಿಪಟೂರು ತಾಲ್ಲೂಕಿನ ಒಬ್ಬ ರೈತ