ಬೋರ್ಡಿನ ಲೈಟು ಉರಿಯುತ್ತಿತ್ತು, ಶಟರ್ ಮುಚ್ಚಿತ್ತು

ಗೆ,
ಮಾಲೀಕರು ಮತ್ತು ಮುಖ್ಯ ವೈದ್ಯರು,
ಸಾಕುಪ್ರಾಣಿಗಳ ಕ್ಲಿನಿಕ್, ಹಾಸನ.

ವಿಷಯ: ನಮ್ಮ ನಾಯಿಮರಿಯ ಎರಡನೇ ಡೋಸಿನ ದಿನ ತಿಳಿಸದೇ ಇದ್ದದ್ದು, ‘24 ಗಂಟೆ ಸೇವೆ’ ನಂಬಿ ಬಂದ ರಾತ್ರಿ ಬಾಗಿಲು ಹಾಕಿದ್ದದ್ದು, ಕಟ್ಟಿದ 500 ರೂಪಾಯಿ ಇನ್ನೂ ವಾಪಸ್ ಬಾರದೇ ಇರುವುದು.

ಡಾಕ್ಟರೇ, ನಮಸ್ಕಾರ.

ಈ ಪತ್ರ ಬರೆಯಲು ಕೂತಾಗಲೇ ಫೋನ್ ಟಿಣ್ ಅಂತು. ನೋಡಿದರೆ ನಿಮ್ಮದೇ ಮೆಸೇಜ್. ‘ಪ್ರೀತಿಯ ಚುಕ್ಕಿ, ಚಳಿಗಾಲ ಬರ್ತಾ ಇದೆ! ಸ್ನಾನ ಮತ್ತು ಉಗುರು ಕಟಿಂಗ್‌ಗೆ ಶೇ. 20 ರಿಯಾಯಿತಿ.’ ಪ್ರೀತಿಯ ಚುಕ್ಕಿ ಆಗ ನನ್ನ ಕಾಲ ಹತ್ತಿರ ಗೋಣಿಚೀಲದ ಮೇಲೆ ಮಲಗಿದ್ದಳು. ಪಕ್ಕೆಲುಬು ಇನ್ನೂ ಒಂದೊಂದಾಗಿ ಎಣಿಸಬಹುದು. ಸ್ನಾನ ಮಾಡಿಸಬೇಡಿ ಅಂತ ಈಗ ನೋಡುತ್ತಿರುವ ಡಾಕ್ಟರು ಹೇಳಿದ್ದಾರೆ.

ನಾನು ಜಗಳಕ್ಕೆ ಬಂದವಳಲ್ಲ. ನಿಮ್ಮ ಕೈಗುಣದ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯವೇ ಇದೆ. ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಜ್ವರ ಬಂದ ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟುಬಿಡೋಣ ಅಂತಿದ್ದರು. ಅದು ಬೆಕ್ಕಿಗೆ ವಿಷ, ಮನುಷ್ಯರ ಮಾತ್ರೆ ಮುಟ್ಟಲೇಬೇಡಿ ಅಂತ ನೀವು ಫೋನಿನಲ್ಲೇ ಹೇಳಿ ಆ ಬೆಕ್ಕನ್ನು ಉಳಿಸಿದಿರಿ. ಆ ನಂಬಿಕೆಯ ಮೇಲೇ ನಾವು ಚುಕ್ಕಿಯನ್ನು ನಿಮ್ಮಲ್ಲಿಗೆ ತಂದದ್ದು.

ಚುಕ್ಕಿ ನಾಟಿ ಮರಿ. ನಮ್ಮ ಅತ್ತೆಯವರ ತವರು ಆಲೂರು ಕಡೆ, ಅಲ್ಲಿಂದ ತಂದದ್ದು. ಏಳು ವಾರ ತುಂಬಿತ್ತು. ಗೌರಿ ಹಬ್ಬದ ಹಿಂದಿನ ವಾರ ಮೊದಲ ಡೋಸ್ ಹಾಕಿಸಲು ಬಂದೆವು. ಕೌಂಟರಿನ ಹುಡುಗ ‘ಯಾವ ಬ್ರೀಡು?’ ಅಂದ. ‘ನಾಟಿ’ ಅಂದೆ. ಪೆನ್ನು ಎತ್ತಿದವನು ಹಾಗೇ ಕೆಳಗಿಟ್ಟು, ‘ಸ್ವಲ್ಪ ಕೂತ್ಕೊಳಿ’ ಅಂದ. ನಮ್ಮ ನಂತರ ಬಂದ ಎರಡು ಲ್ಯಾಬ್ರಡಾರ್, ಒಂದು ಶಿಟ್ಜು ಒಳಗೆ ಹೋಗಿ ಬಂದವು. ಇರಲಿ ಬಿಡಿ, ಅದು ನನ್ನ ದೂರಲ್ಲ. ಆದರೆ ಹೇಳದೆ ಇರಲೂ ಆಗುತ್ತಿಲ್ಲ.

ಅವತ್ತು ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಇದೆ. ನಾನು ಹನ್ನೆರಡು ವರ್ಷ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದವಳು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು ಅನ್ನುವುದು ನಮಗೆ ದೇವರ ದೀಪದಷ್ಟೇ ನಿಷ್ಠೆಯ ವಿಷಯ. ನಿಮ್ಮ ಹುಡುಗ ಫ್ರಿಜ್ ತೆಗೆದಾಗ ನೋಡಿದೆ. ಬಾಗಿಲಿನ ತಟ್ಟೆಯಲ್ಲಿ ಲಸಿಕೆ ಬಾಟಲಿಗಳು. ಒಳಗಿನ ತಟ್ಟೆಯಲ್ಲಿ, ಅಂದರೆ ನಿಜವಾಗಿ ತಣ್ಣಗಿರುವ ಜಾಗದಲ್ಲಿ, ಒಂದು ಮೊಸರಿನ ಪ್ಯಾಕೆಟ್ಟು ಮತ್ತು ಸ್ಟೀಲಿನ ಊಟದ ಡಬ್ಬಿ. ಬಾಗಿಲು ತೆಗೆದಾಗೆಲ್ಲ ಮೊದಲು ಬಿಸಿಯಾಗುವುದೇ ಬಾಗಿಲಿನ ತಟ್ಟೆ. ಮಾತು ಬಾಯಿ ತುದಿವರೆಗೂ ಬಂದಿತ್ತು. ಹಿಂದೆ ಏಳೆಂಟು ಜನ ಕಾಯುತ್ತಿದ್ದರು, ಸುಮ್ಮನಾದೆ. ಆಗಲೇ ಹೇಳಬೇಕಿತ್ತು.

ಇಂಜೆಕ್ಷನ್ ಆಯಿತು. ಹಳದಿ ರಟ್ಟಿನ ಪುಸ್ತಕ ಕೊಟ್ಟಿರಿ. ಅದರಲ್ಲಿ ದಿನಾಂಕ ಇದೆ, ಸೀಲ್ ಇದೆ. ಬಾಟಲಿಯ ಸ್ಟಿಕ್ಕರ್ ಅಂಟಿಸುವ ಚೌಕ ಖಾಲಿ. ‘ಮುಂದಿನ ಡೋಸ್’ ಅನ್ನುವ ಚೌಕವೂ ಖಾಲಿ. ಕೇಳಿದ್ದಕ್ಕೆ ಆ ಹುಡುಗ, ‘ಅಮ್ಮ, ಮೆಸೇಜ್ ಬರುತ್ತೆ. ನೀವು ಟೆನ್ಶನ್ ತಗೋಬೇಡಿ, ಎಲ್ಲಾ ಕಂಪ್ಯೂಟರಲ್ಲಿದೆ’ ಅಂದ. ನನ್ನ ನಂಬರು ಬರೆದುಕೊಂಡ. ನಾನು ಟೆನ್ಶನ್ ತಗೊಳ್ಳಲಿಲ್ಲ. ಅದೇ ತಪ್ಪಾಯಿತು.

ಅವತ್ತಿನಿಂದ ಮರಿ ಕಾಯಿಲೆ ಬಿದ್ದು ಮಲಗುವವರೆಗೆ ನಿಮ್ಮಿಂದ 14 ಮೆಸೇಜ್ ಬಂದಿವೆ. ಎಣಿಸಿದ್ದೇನೆ. ಗಣೇಶ ಹಬ್ಬದ ಶುಭಾಶಯ. ಉಣ್ಣಿ ಸಾಯಿಸುವ ಶಾಂಪೂ ಬಂದಿದೆ ಅಂತ ಮೂರು ಸಲ. ಹೊಸ ಎಕ್ಸ್‌ರೇ ಯಂತ್ರದ ಫೋಟೊ, ಅದರ ಪಕ್ಕ ನಿಂತ ಸಿಬ್ಬಂದಿ. ಸೆಪ್ಟೆಂಬರ್ 28ಕ್ಕೆ ವಿಶ್ವ ರೇಬೀಸ್ ದಿನದ ಪೋಸ್ಟರ್. ದಸರಾಕ್ಕೆ ಮೈಸೂರು ಪೇಟ ಕಟ್ಟಿದ ನಾಯಿಯ ಚಿತ್ರ. ಅದು ಚೆನ್ನಾಗಿತ್ತು, ನನ್ನ ಮಗ ಸ್ಟೇಟಸ್ಸಿಗೂ ಹಾಕಿಕೊಂಡ. ಆಮೇಲೆ ‘ನಿಮ್ಮ ಸೇವೆಯಲ್ಲಿ 24 ಗಂಟೆ, ತುರ್ತು ಚಿಕಿತ್ಸೆಗೆ ಯಾವಾಗ ಬೇಕಾದರೂ ಕರೆ ಮಾಡಿ’ ಅನ್ನುವುದು. ಇಷ್ಟರಲ್ಲಿ ‘ಚುಕ್ಕಿಗೆ ಎರಡನೇ ಡೋಸ್ ಇದೆ, ಕರೆದುಕೊಂಡು ಬನ್ನಿ’ ಅನ್ನುವ ಒಂದು ಸಾಲು ಇಲ್ಲ.

ಈ ಡೋಸುಗಳ ಲೆಕ್ಕ ಈಗ ನನಗೆ ಬಾಯಿಪಾಠ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಬಂದ ರೋಗ ತಡೆಯುವ ಶಕ್ತಿ ಮೊದಮೊದಲು ಲಸಿಕೆಯನ್ನೇ ಕೆಲಸ ಮಾಡಲು ಬಿಡುವುದಿಲ್ಲ. ಆ ಶಕ್ತಿ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತೋ ಗೊತ್ತಾಗುವುದಿಲ್ಲ. ಅದಕ್ಕೇ ಆರೆಂಟು ವಾರಕ್ಕೆ ಶುರು ಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಹಾಕುತ್ತಾ ಹೋಗಬೇಕು. ಅಂದರೆ ಚುಕ್ಕಿಗೆ ಸೆಪ್ಟೆಂಬರ್ ಮಧ್ಯದಲ್ಲಿ ಎರಡನೆಯದು ಬೀಳಬೇಕಿತ್ತು. ಇದನ್ನೆಲ್ಲ ನನಗೆ ಹೇಳಿದ್ದು ಬೇರೆ ಡಾಕ್ಟರು, ಮರಿ ಡ್ರಿಪ್ ಹಾಕಿಕೊಂಡು ಮಲಗಿದ್ದಾಗ. ನಿಮ್ಮ 14 ಮೆಸೇಜಿನಲ್ಲಿ ಒಂದರಲ್ಲಿ ಇಷ್ಟು ಹಾಕಿದ್ದರೆ ಸಾಕಿತ್ತು. ಬೆಕ್ಕಿನ ಮಾತ್ರೆ ವಿಷಯ ನೀವು ಹೇಳಿದ್ದಿರಲ್ಲ, ಅಂಥದ್ದನ್ನು ಹಾಕಿ. ಜನ ಓದುತ್ತಾರೆ, ಇಟ್ಟುಕೊಳ್ಳುತ್ತಾರೆ. ಶಾಂಪೂ ಮೆಸೇಜನ್ನು ಯಾರು ಇಟ್ಟುಕೊಳ್ಳುತ್ತಾರೆ?

ಈಗ ಆ ರಾತ್ರಿಯ ಮಾತು.

ಹಾಸನಾಂಬೆ ಬಾಗಿಲು ತೆಗೆದಿದ್ದ ದಿನಗಳು. ಊರು ಹೇಗಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಚುಕ್ಕಿ ಬೆಳಗ್ಗೆಯಿಂದ ಅನ್ನ ಮುಟ್ಟಿರಲಿಲ್ಲ. ಸಂಜೆ ಬಿಳಿ ನೊರೆ ವಾಂತಿ ಮಾಡಿದಳು, ಏನೋ ತಿಂದಿರಬೇಕು ಅಂದುಕೊಂಡೆವು. ರಾತ್ರಿ ಹತ್ತೂವರೆಗೆ ಭೇದಿ ಆಯಿತು, ಬರೀ ರಕ್ತ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಅತ್ತೆ ಕರ್ಪೂರ ಹಚ್ಚಿದರು, ಅದಕ್ಕೂ ಹೋಗಲಿಲ್ಲ. ಮರಿ ಎದ್ದು ನಿಲ್ಲಲು ನೋಡುತ್ತಿತ್ತು, ಹಿಂಗಾಲು ಜಾರುತ್ತಿತ್ತು.

ನಿಮ್ಮ ತುರ್ತು ನಂಬರಿಗೆ ಫೋನ್ ಮಾಡಿದೆ. ಎತ್ತಿದರು, ಅದಕ್ಕೇ ಧೈರ್ಯ ಬಂತು. ಮೊದಲ ಪ್ರಶ್ನೆ ಮತ್ತೆ ಅದೇ, ‘ಯಾವ ಬ್ರೀಡು?’ ಎರಡನೆಯದು, ‘ಎಮರ್ಜೆನ್ಸಿ ಬುಕಿಂಗ್ 500 ರೂಪಾಯಿ, ಫೋನ್‌ಪೇ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ, ಆಮೇಲೆ ಬನ್ನಿ.’ ಕಳಿಸಿದೆ. ರಾತ್ರಿ 10.52. ಎರಡು ನೀಲಿ ಗೆರೆ ಬಿತ್ತು.

ಆಟೋ ಒಂದೂ ಸಿಗಲಿಲ್ಲ. ಎಲ್ಲಾ ದೇವಸ್ಥಾನದ ಕಡೆ. ನಮ್ಮ ಮನೆಯವರು ಸ್ಕೂಟರ್ ತೆಗೆದರು. ತರಕಾರಿ ಬುಟ್ಟಿಯಲ್ಲಿ ಹಳೇ ಟವೆಲ್ ಹಾಸಿ, ಚುಕ್ಕಿಯನ್ನು ಮಲಗಿಸಿ, ಬುಟ್ಟಿ ತೊಡೆ ಮೇಲಿಟ್ಟುಕೊಂಡು ಹಿಂದೆ ಕೂತೆ. ಎನ್.ಆರ್. ಸರ್ಕಲ್ ದಾಟುವಷ್ಟರಲ್ಲಿ ಸಾಕುಸಾಕಾಯಿತು. ಬಸ್ಸು, ಜನ, ಲೈಟಿನ ಸರ. ದೂರದಿಂದ ನಿಮ್ಮ ಬೋರ್ಡು ಕಂಡಿತು. ಕೆಂಪು ಲೈಟಿನಲ್ಲಿ ‘24 ಗಂಟೆ’ ಅಂತ ಹತ್ತಿ ಆರಿ ಹತ್ತಿ ಆರಿ ಮಾಡುತ್ತಿತ್ತು. ಅಬ್ಬ, ಬಂದೆವು ಅಂದುಕೊಂಡೆ.

ಶಟರ್ ಎಳೆದಿತ್ತು. ಎರಡೂ ಕಡೆ ಬೀಗ.

ತಟ್ಟಿದೆವು. ಫೋನ್ ಮಾಡಿದೆವು. ರಿಂಗ್ ಆಗಿ ಆಗಿ ಕಟ್ ಆಯಿತು. ಪಕ್ಕದ ಎಟಿಎಂ ಕಾಯುವವರು ಕುರ್ಚಿಯಿಂದ ಎದ್ದು ಬಂದು, ‘ರಾತ್ರಿ ಎಂಟೂವರೆಗೇ ಬಾಗಿಲು ಹಾಕ್ತಾರೆ ಮೇಡಂ. ಲೈಟ್ ಮಾತ್ರ ಉರೀತಾ ಇರುತ್ತೆ’ ಅಂದರು. ಅವರೇ ಬಾಟಲಿಯಲ್ಲಿ ನೀರು ತಂದುಕೊಟ್ಟರು. ಆರನೇ ಸಲಕ್ಕೆ ನಿಮ್ಮವನು ಫೋನ್ ಎತ್ತಿ, ‘ಡಾಕ್ಟರ್ ಊರಲ್ಲಿಲ್ಲ, ನೀವು 1962ಕ್ಕೆ ಮಾಡಿ’ ಅಂದ. 1962 ಅಂದರೆ ಸರ್ಕಾರದ ಪಶು ಸಂಜೀವಿನಿ ಗಾಡಿಯ ನಂಬರು. ರೈತರ ಮನೆಬಾಗಿಲಿಗೆ ಹೋಗಿ ದನ, ಕುರಿ ನೋಡಲಿ ಅಂತ ಮುಖ್ಯವಾಗಿ ಮಾಡಿದ್ದು. ದುಡ್ಡು ನೀವು ಕಟ್ಟಿಸಿಕೊಂಡು ಸರ್ಕಾರದ ಕಡೆ ಕೈ ತೋರಿಸುವುದು ಯಾವ ನ್ಯಾಯ? ಡಾಕ್ಟರ್ ಊರಲ್ಲಿಲ್ಲ ಅನ್ನುವುದು 10.52ಕ್ಕೆ ಗೊತ್ತಿರಲಿಲ್ವಾ?

ನೀವು ರಾತ್ರಿ ಮಲಗಬಾರದು ಅಂತ ನಾನು ಹೇಳುತ್ತಿಲ್ಲ. ಡಾಕ್ಟರೂ ಮನುಷ್ಯರೇ. ಎಂಟೂವರೆಗೆ ಮುಚ್ಚುತ್ತೀರಾ, ಮುಚ್ಚಿ. ಆದರೆ ಎಂಟೂವರೆಗೆ ಮುಚ್ಚುತ್ತೇವೆ ಅಂತ ಬರೆಯಿರಿ. ನಾವು ಬೇರೆ ದಾರಿ ನೋಡುತ್ತಿದ್ದೆವು. ಪಶುವೈದ್ಯ ಕಾಲೇಜೇ ಇರುವ ಊರು ನಮ್ಮದು. ಯಾರನ್ನಾದರೂ ಕೇಳಿ, ಫೋನಿನಲ್ಲಾದರೂ ಒಂದು ಸಲಹೆ ತೆಗೆದುಕೊಳ್ಳುತ್ತಿದ್ದೆವು. ನಿಮ್ಮ ಲೈಟ್ ನಂಬಿ ಒಂದೂಕಾಲು ಗಂಟೆ ಕಳೆದುಕೊಂಡೆವು. ಮೂರೂವರೆ ತಿಂಗಳ ಮರಿಯ ಮೈಯಲ್ಲಿ ಎಷ್ಟು ನೀರಿರುತ್ತೆ ಹೇಳಿ, ಅಷ್ಟು ಹೊತ್ತು ಹರಿದು ಹೋಗಲು?

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬೇರೆ ಕಡೆ ತೋರಿಸಿದೆವು. ಪಾರ್ವೊ ಅಂದರು, ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ಕಾಯಿಲೆ. ಇದನ್ನೇ ಕೊಲ್ಲುವ ಔಷಧಿ ಅಂತ ಇಲ್ಲ, ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಮರಿ ತಾನೇ ಗೆಲ್ಲುವ ತನಕ ಹಿಡಿದು ನಿಲ್ಲಿಸಬೇಕು ಅಂದರು. ಐದು ದಿನ ಡ್ರಿಪ್. 4 ಕೆಜಿ 200 ಗ್ರಾಂ ಇದ್ದವಳು 3 ಕೆಜಿ 100 ಗ್ರಾಮಿಗೆ ಇಳಿದಳು. ಆರನೇ ದಿನ ನನ್ನ ಬೆರಳಿಗೆ ಹಚ್ಚಿದ ಗಂಜಿ ನೆಕ್ಕಿದಳು. ಅತ್ತೆ ಅವತ್ತು ಹಾಸನಾಂಬೆಗೆ ಹೇಳಿಕೊಂಡಿದ್ದ ಹರಕೆ ಯಾವುದು ಅಂತ ಇನ್ನೂ ಬಾಯಿ ಬಿಟ್ಟಿಲ್ಲ.

ಚಿಕಿತ್ಸೆಗೆ 6,800 ರೂಪಾಯಿ ಆಯಿತು. ಅದನ್ನು ನಿಮ್ಮಿಂದ ಕೇಳುತ್ತಿಲ್ಲ. ಎರಡನೇ ಡೋಸ್ ಹಾಕಿಸಿದ್ದರೆ ಬರುತ್ತಲೇ ಇರಲಿಲ್ಲ ಅಂತ ಯಾರೂ ಬರೆದುಕೊಡಲಾರರು. ನಾನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದಿತ್ತು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲಾ ಅಲ್ಲೇ ಬರೆಯುತ್ತೇನೆ.

ಆದರೆ ಒಂದು ವಿಷಯ ನಿಮ್ಮ ಒಳ್ಳೆಯದಕ್ಕೇ ಹೇಳಬೇಕು. ಮೊದಲ ಡೋಸಿಗೆ ಬಂದ ದಿನ ನಮ್ಮ ಬೆಂಚಿನಲ್ಲೇ ಇನ್ನೊಬ್ಬರ ಮರಿ ರಕ್ತಭೇದಿ ಮಾಡಿಕೊಂಡಿತ್ತು. ನಿಮ್ಮ ಹುಡುಗ ಫಿನಾಯಿಲ್ ಹಾಕಿ ಒರೆಸಿದ. ಐದು ನಿಮಿಷಕ್ಕೆ ಅದೇ ಜಾಗದಲ್ಲಿ ಬೇರೆಯವರು ಮರಿ ಇಳಿಸಿದರು. ಚುಕ್ಕಿಗೆ ಅಲ್ಲಿಂದಲೇ ಅಂಟಿತು ಅನ್ನುವುದಿಲ್ಲ. ಪಾರ್ವೊ ಸಾಮಾನ್ಯವಾಗಿ ಒಂದು ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ತೋರಿಸಿಕೊಳ್ಳುತ್ತೆ, ನಮಗೆ ಏಳು ವಾರ ಕಳೆದಿತ್ತು. ಆದರೆ ಪಾರ್ವೊ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಫಿನಾಯಿಲ್ ನೆಚ್ಚಿಕೊಂಡರೆ ಆಗುವುದಿಲ್ಲ, ಬ್ಲೀಚಿಂಗ್ ನೀರಿನಂಥದ್ದೇ ಬೇಕು. ನಮ್ಮ ಮನೆ ಹಿತ್ತಿಲನ್ನು ಈಗ ಮೂರು ಸಲ ಬ್ಲೀಚಿಂಗ್ ಹಾಕಿ ತೊಳೆದಿದ್ದೇವೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಒರೆಸುವ ಹುಡುಗನಿಗೆ ಗೊತ್ತಿಲ್ಲ, ಅಷ್ಟೆ. ಭೇದಿ ಮಾಡುವ ಮರಿಗಳನ್ನು ಹೊರಗೇ, ವಾಹನದಲ್ಲೇ ಇರಿಸಿ ನೋಡಿದರೆ ಲಸಿಕೆಗೆ ಬಂದ ಮರಿಗಳು ಉಳಿಯುತ್ತವೆ.

ನನಗೆ ಬೇಕಾದದ್ದು ಮೂರೇ. 500 ರೂಪಾಯಿ ವಾಪಸ್ ಬರಬೇಕು. ಹತ್ತೊಂಬತ್ತು ದಿನವಾಯಿತು, ನಾಲ್ಕು ಸಲ ಕೇಳಿದೆ, ‘ಅಕೌಂಟ್ಸಿಗೆ ಹೇಳ್ತೀನಿ’ ಅನ್ನುತ್ತಾರೆ. ಮೂರು ಜನರ ಕ್ಲಿನಿಕ್ಕಿನಲ್ಲಿ ಅಕೌಂಟ್ಸ್ ಯಾರು ಅಂತ ನನಗೆ ತಿಳಿಯಲಿಲ್ಲ. ಎರಡನೆಯದು, ಬೋರ್ಡು ಮತ್ತು ಮೆಸೇಜಿನಲ್ಲಿ ನಿಜವಾದ ಸಮಯ ಹಾಕಿ. ಮೂರನೆಯದು, ಮೊದಲ ಡೋಸಿನ ಲಸಿಕೆಯ ಹೆಸರು, ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ದಿನ ಬರೆದು, ನಿಮ್ಮ ಸಹಿ ಹಾಕಿ ಕೊಡಿ.

ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗ ನಮ್ಮ ಊರಿನಲ್ಲೇ ಇದೆ, 5 ಲಕ್ಷದವರೆಗಿನ ದೂರಿಗೆ ಫೀಸೂ ಇಲ್ಲ. ಐದುನೂರು ರೂಪಾಯಿಗೆ ಅಲ್ಲಿಯವರೆಗೆ ಹೋಗುವ ಮನಸ್ಸು ನನಗಿಲ್ಲ. ಆ ಮನಸ್ಸು ಬಾರದಂತೆ ನೋಡಿಕೊಳ್ಳಿ.

ಚುಕ್ಕಿಗೆ ಪಾರ್ವೊ ವಾಸಿಯಾದರೂ ಡಿಸ್ಟೆಂಪರ್ (ಅದೂ ನಾಯಿಗಳಿಗೆ ಬರುವ ವೈರಸ್ ಕಾಯಿಲೆಯೇ), ರೇಬೀಸ್ ಇಂಜೆಕ್ಷನ್ ಹಾಕಿಸಲೇಬೇಕು. ಮುಂದಿನ ಸೋಮವಾರ ಬೇರೆ ಕಡೆ ಕರೆದೊಯ್ಯುತ್ತಿದ್ದೇವೆ. ಅಲ್ಲಿ ಪುಸ್ತಕ ನೋಡಿ, ಮೊದಲು ಹಾಕಿದ್ದು ಯಾವ ಲಸಿಕೆ ಅಂತ ಕೇಳುತ್ತಿದ್ದಾರೆ. ಖಾಲಿ ಚೌಕದ ಫೋಟೊ ಮತ್ತು ಫೋನ್‌ಪೇ ಸ್ಕ್ರೀನ್‌ಶಾಟ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಶನಿವಾರದೊಳಗೆ ವಿವರ ಕೊಡಿ. ಮೆಸೇಜಿನಲ್ಲೇ ಕಳಿಸಿದರೂ ಆಗುತ್ತೆ, ನಂಬರು ನಿಮ್ಮ ಹತ್ತಿರ ಇದೆ.

ಇಂತಿ,
ಚುಕ್ಕಿಯ ಮನೆಯವರು,
ಸಾಲಗಾಮೆ ರಸ್ತೆ ಕಡೆಯಿಂದ, ಹಾಸನ